ಹೊಂದಿಕೊಂಡು ಹೋಗುವ ಗೋಲ್ ಕೀಪರ್

ನಮ್ಮ ಕಡೆ ಪಿಯುಸಿ ಅನ್ನುವುದನ್ನು ಆಂಧ್ರದಲ್ಲಿ ಇಂಟರ್ ಅನ್ನುತ್ತಾರೆ. ಹೆಸರು ಚಿಕ್ಕದು, ಕಾಟ ದೊಡ್ಡದು. ಮಗು ಇಂಟರ್ ಎರಡನೇ ವರ್ಷಕ್ಕೆ ಬಂತೆಂದರೆ ಆ ಮನೆಗೆ ಒಂದು ಬಗೆಯ ಸೂತಕ ಬಂತೆಂದೇ ಲೆಕ್ಕ. ನೆಂಟರು ಬರುವುದಿಲ್ಲ, ನಾವೂ ಮದುವೆ ಮುಂಜಿಗೆಂದು ಎಲ್ಲಿಗೂ ಹೋಗುವಂತಿಲ್ಲ. ಟೀವಿಗೆ ಹಳೆಯ ಸೀರೆ ಹೊದಿಸಿರುತ್ತಾರೆ. ಒಗ್ಗರಣೆ ಹಾಕುವಾಗ ಕೂಡ ಸಾಸಿವೆ ಮೆತ್ತಗೆ ಸಿಡಿಯಬೇಕು. ತುಮಕೂರಿನಿಂದ ಬಂದ ನಾನು, ಇಲ್ಲಿಯ ಹುಡುಗಿಯನ್ನೇ ಮದುವೆಯಾಗಿ, ವಿಶಾಖಪಟ್ಟಣದ ಮಧುರವಾಡದಲ್ಲಿ ಮನೆ ಮಾಡಿ ಇಷ್ಟು ವರ್ಷವಾದರೂ ಈ ವ್ರತದ ಕಟ್ಟುನಿಟ್ಟು ನನಗೆ ತಿಳಿದದ್ದು ಮಗಳು ಗೌರಿ ಇಂಟರ್‌ಗೆ ಬಂದ ಮೇಲೆಯೇ. ಲಿಫ್ಟಿನಲ್ಲಿ ಸಿಕ್ಕವರೆಲ್ಲ "ಪಾಪ ಹೇಗೆ ಓದ್ತಿದೆ?" ಎಂದು ಕೇಳುವರು. ತೆಲುಗಿನಲ್ಲಿ ಪಾಪ ಎಂದರೆ ಹೆಣ್ಣುಮಗು. ನನಗೆ ಮಾತ್ರ ಅವರು ಕನ್ನಡದಲ್ಲೇ ಮರುಗುತ್ತಿದ್ದಾರೆ ಅನ್ನಿಸುತ್ತಿತ್ತು.

ಇಂಥ ವ್ರತದ ನಟ್ಟನಡುವೆ, ದಸರಾ ರಜೆಯ ಒಂದು ಬೆಳಿಗ್ಗೆ ಹೆಸರುಕಾಳಿನ ಪೆಸರಟ್ಟು ಮುರಿಯುತ್ತಾ ಗೌರಿ ಹೇಳಿದಳು: "ಅಪ್ಪಾ, ನನಗೆ ಇಂಜಿನಿಯರಿಂಗ್ ಬೇಡ. ಫುಟ್‌ಬಾಲ್ ಆಡೋ ಕಾಲೇಜಲ್ಲಿ ಡಿಗ್ರಿ ಓದ್ತೀನಿ. ಸ್ಪೋರ್ಟ್ಸ್ ಕೋಟಾ ಇರುತ್ತಲ್ಲ, ಅದ್ರಲ್ಲಿ." ನಮ್ಮ ಮನೆಯಲ್ಲಿ ಒಂದು ಗುಟ್ಟಿದೆ. ಮಗಳಿಗೆ ನನ್ನಿಂದ ಕೆಲಸವಾಗಬೇಕಾದರೆ ನಾನು ಅಪ್ಪ, ಸಿಟ್ಟು ಬಂದರೆ ತೆಲುಗಿನ ನಾನ್ನಗಾರು. 'ಅಪ್ಪಾ' ಕೇಳಿದ ಕೂಡಲೇ ನಾನು ಚಟ್ನಿ ಬಡಿಸಿಕೊಳ್ಳುವುದನ್ನು ನಿಲ್ಲಿಸಿದೆ. ನನ್ನ ಹೆಂಡತಿ ವರಲಕ್ಷ್ಮಿ ಒಲೆ ಆರಿಸಿ ಬಂದು ಎದುರಿಗೆ ಕೂತಳು. ಅವಳು ಒಲೆ ಆರಿಸಿದಳೆಂದರೆ ವಿಷಯ ಗಂಭೀರ.

ಗೌರಿ ಆಡುತ್ತಿದ್ದಳು, ನಿಜ. ಹತ್ತನೇ ತರಗತಿಯವರೆಗೆ ಶಾಲೆಯಲ್ಲಿ ಮೈದಾನವಿತ್ತು. ಇವಳು ಉದ್ದ ಬೆಳೆದಿದ್ದಾಳೆಂದು ಗೋಲಿನಲ್ಲಿ ನಿಲ್ಲಿಸಿದರು, ಅಲ್ಲೇ ನಿಂತಳು. ಇಂಟರ್‌ಗೆ ಸೇರಿಸಿದ ಕಾಲೇಜೋ, ಐದು ಅಂತಸ್ತಿನ ಡಬ್ಬಿ. ಮೈದಾನ ಎಲ್ಲಿ ಎಂದು ಕೇಳಿದರೆ ಪಾರ್ಕಿಂಗ್ ಜಾಗ ತೋರಿಸಿ, "ಆಟಕ್ಕೆ ಟೈಮ್ ಎಲ್ಲಿದೆ ಸಾರ್?" ಎಂದಿದ್ದರು. ಹಾಗಾಗಿ ಬೇರೆ ಹುಡುಗಿಯರು ಜಿಲ್ಲೆ, ರಾಜ್ಯ ಅಂತ ಆಡಿ ಕಾಲೇಜು ಕೋಚ್‌ಗಳ ಕಣ್ಣಿಗೆ ಬಿದ್ದು ಸೀಟು ಗಟ್ಟಿ ಮಾಡಿಕೊಳ್ಳುತ್ತಿದ್ದಾಗ, ನಮ್ಮವಳು ಭಾನುವಾರ ಭಾನುವಾರ ಅಜ್ಜಿಮನೆಯಿರುವ ಭೀಮುನಿಪಟ್ಟಣದ ಕಡಲ ದಂಡೆಯಲ್ಲಿ ಸೋದರಮಾವ ಶ್ರೀನು ಒದ್ದ ಚೆಂಡಿಗೆ ಹಾರಿ ಹಾರಿ ಮರಳು ತಿನ್ನುತ್ತಿದ್ದಳು. ಅವಳಿಗೆ ಯಾವ ಕಾಲೇಜಿನಿಂದಲೂ ಕರೆ ಬಂದಿರಲಿಲ್ಲ. ಬರಬೇಕಾದರೆ ಇಂಥವಳೊಬ್ಬಳು ಇದ್ದಾಳೆ ಎಂದು ಯಾರಿಗಾದರೂ ಗೊತ್ತಿರಬೇಕಲ್ಲ! ವಿಚಾರಿಸಿದ ಕಡೆಯೆಲ್ಲ ಒಂದೇ ಮಾತು: ತಡವಾಯಿತು. ಕೋಟೆ ಕೊಳ್ಳೆ ಹೋದ ಮೇಲೆ ಊರ ಬಾಗಿಲು ಹಾಕಿದ ಹಾಗಾಯಿತು ನಮ್ಮ ಪಾಡು.

ವರಲಕ್ಷ್ಮಿ ತೀರ್ಪು ಕೊಟ್ಟಳು. "ಸರಿ. ಸಂಕ್ರಾಂತಿ ತನಕ ನೋಡೋಣ. ಒಂದು ಕಾಲೇಜಾದ್ರೂ ಕರೆದ್ರೆ ಹೋಗು. ಕರೀಲಿಲ್ಲ ಅಂದ್ರೆ ಗ್ಲೌಸ್ ಅಟ್ಟದ ಮೇಲೆ, ನೀನು ಲಾಂಗ್ ಟರ್ಮ್‌ಗೆ." ಲಾಂಗ್ ಟರ್ಮ್ ಎಂದರೆ ಇಂಟರ್ ಮುಗಿದ ಮೇಲೂ ಇನ್ನೊಂದು ವರ್ಷ ಮಕ್ಕಳನ್ನು ಹಾಸ್ಟೆಲಿನಲ್ಲಿ ಕೂಡಿಹಾಕಿ ಎಂಟ್ರೆನ್ಸ್ ಪರೀಕ್ಷೆಗೆ ಅರೆಯುವ ಪದ್ಧತಿ. ಗೌರಿ ತಟ್ಟೆಯಲ್ಲಿದ್ದುದನ್ನು ಬಿಟ್ಟು ಎದ್ದಳು, ಆದರೆ ಒಪ್ಪಿಕೊಂಡಳು. ನಾನೂ ಅವಳ ಹಿಂದೆಯೇ ಎದ್ದೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುವುದು ಸುಳ್ಳಲ್ಲ. "ನೀನು ಓದ್ಕೋ, ಕಾಲೇಜು ಹುಡುಕೋ ಕೆಲಸ ನನಗೆ ಬಿಡು" ಎಂದು ಮಾತು ಕೊಟ್ಟುಬಿಟ್ಟೆ.

ನಾನು ದುವ್ವಾಡದ ಕಡೆ ಒಂದು ಔಷಧಿ ಕಂಪನಿಯಲ್ಲಿ ಗುಣಮಟ್ಟ ಪರೀಕ್ಷಿಸುವವನು. ದಿನವಿಡೀ ಮಾತ್ರೆಗಳಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ಸಂಜೆ ಮನೆಗೆ ಬಂದ ಮೇಲೂ ಆ ಚಾಳಿ ಬಿಡುವುದಿಲ್ಲ. ಯಾರಾದರೂ ಕಾರನ್ನು ಹಿಂದಕ್ಕೆ ತೆಗೆಯುತ್ತಿದ್ದರೆ ನನ್ನ ಕೈ ತಾನಾಗಿಯೇ ಗಾಳಿಯಲ್ಲಿ ಆಡತೊಡಗುತ್ತದೆ. ಇಂಥವನು ಮಗಳ ಆಟದ ವಿಡಿಯೋ ತೆಗೆಯಲು ಭೀಮುನಿಪಟ್ಟಣದ ಮರಳಿನಲ್ಲಿ ಮೊಬೈಲ್ ಹಿಡಿದು ನಿಂತರೆ ಏನಾಗಬೇಕೋ ಅದೇ ಆಯಿತು. ಮೊದಲ ವಿಡಿಯೋದಲ್ಲಿ ನಾನು ಚೆಂಡಿನ ಹಿಂದೆಯೇ ಹೋದೆ, ಹಾಗಾಗಿ ಮಗಳ ಎರಡು ಕೈ ಮಾತ್ರ ಬಂದವು. ಎರಡನೆಯದರಲ್ಲಿ ಅವಳು ಅದ್ಭುತವಾಗಿ ಹಾರಿದಳು, ನಾನೂ ಖುಷಿಗೆ ಹಾರಿದ್ದರಿಂದ ಬರೀ ಆಕಾಶ ಬಂತು. ಮೂರನೆಯದು ಚೆನ್ನಾಗಿ ಬಂದಿತ್ತು, ಆದರೆ ಉದ್ದಕ್ಕೂ ನನ್ನ ದನಿ: "ಎಡಕ್ಕೆ ಕಣೇ! ಅಯ್ಯೋ ಬಗ್ಗು! ಅಲ್ಲೇನ್ ನಿಂತಿದೀಯೇ!" ಶ್ರೀನು ಅದನ್ನು ನೋಡಿ, "ಬಾವಗಾರು, ಇದರಲ್ಲಿ ಆಡ್ತಿರೋದು ನೀವಾ ಗೌರಿನಾ?" ಎಂದ. ಕೊನೆಗೆ ಅವನೇ ದನಿ ತೆಗೆದುಹಾಕಿ ಕೊಟ್ಟ.

ವಿಡಿಯೋದ ಜೊತೆ ಮಗಳ ವಿವರವನ್ನೂ ಕಳಿಸಬೇಕೆಂದಾಗ ನನಗೆ ಉತ್ಸಾಹ ಬಂತು. ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ: ಬಯೋಡೇಟಾ ಬರೆಯುವುದರಲ್ಲಿ ವರಲಕ್ಷ್ಮಿಯ ತವರಿನಲ್ಲಿ ನನ್ನದು ಎತ್ತಿದ ಕೈ. ನಾನು ಬರೆದುಕೊಟ್ಟ ಬಯೋಡೇಟಾದಿಂದ ಆ ಮನೆಯ ಹೆಣ್ಣುಮಕ್ಕಳಿಗೆ ಒಳ್ಳೆಯ ಸಂಬಂಧಗಳು ಕುದುರಿವೆ. ಹೊಸದಾಗಿ ಯಾಕೆ ಬರೆಯಬೇಕು ಎಂದು ಹೆಂಡತಿಯ ಅಕ್ಕನ ಮಗಳ ಮದುವೆಯದನ್ನೇ ಕಂಪ್ಯೂಟರಿನಲ್ಲಿ ತೆಗೆದು, ಹೆಸರು, ಎತ್ತರ, ಓದು ಬದಲಿಸಿ, ಗೋತ್ರ ನಕ್ಷತ್ರ ಅಳಿಸಿ, ಫುಟ್‌ಬಾಲ್ ಸೇರಿಸಿ, ವಿಶಾಖಪಟ್ಟಣದಿಂದ ವಿಜಯವಾಡದವರೆಗೆ ಹುಡುಗಿಯರ ತಂಡವಿರುವ ಎಲ್ಲ ಕಾಲೇಜಿನ ಕೋಚ್‌ಗಳಿಗೂ ವಾಟ್ಸಾಪ್ ಮಾಡಿದೆ. ಎಲ್ಲ ಕಡೆಯೂ ಎರಡು ನೀಲಿ ಗೆರೆ ಬಿದ್ದವು, ಉತ್ತರ ಮಾತ್ರ ಇಲ್ಲ. ಇದು ಗಂಡಿನ ಕಡೆಯವರ ಉತ್ತರಕ್ಕೆ ಕಾಯುವುದಕ್ಕಿಂತ ಕಷ್ಟ. ಅವರಾದರೂ "ಜಾತಕ ಕೂಡಿಬರಲಿಲ್ಲ" ಎಂದು ಮರ್ಯಾದೆಯ ಸುಳ್ಳು ಹೇಳುತ್ತಾರೆ.

ಒಬ್ಬ ಕೋಚ್ ಮಾತ್ರ ಫೋನ್ ಎತ್ತಿದರು. "ಸ್ಟೇಟ್ ಆಡಿದ್ದಾಳಾ?" "ಇಲ್ಲ ಸಾರ್." "ಡಿಸ್ಟ್ರಿಕ್ಟ್?" "ಇಲ್ಲ ಸಾರ್." "ಮತ್ತೆ ಎಲ್ಲಿ ಆಡಿದ್ದಾಳೆ?" "ಭೀಮುನಿಪಟ್ಟಣದ ಬೀಚಲ್ಲಿ" ಎಂದೆ. ಅತ್ತ ಕಡೆಯಿಂದ ಫೋನ್ ಇಟ್ಟ ಸದ್ದು ಬಂತು.

ಸಂಕ್ರಾಂತಿ ಹತ್ತಿರ ಬಂತು. ಗೌರಿ ನನ್ನ ಮೊಬೈಲ್ ತೆಗೆದುಕೊಂಡು ನಾನು ಏನು ಕಳಿಸಿದ್ದೇನೆಂದು ನೋಡಿದ್ದು ಆಗಲೇ. ಓದುತ್ತಾ ಓದುತ್ತಾ ಅವಳ ಮುಖ ಕೆಂಪಾಯಿತು. "ನಾನ್ನಗಾರೂ!" ಎಂದಳು. ಕೊನೆಯ ಸಾಲು ಅಳಿಸುವುದು ಮರೆತಿತ್ತು. 'ಹುಡುಗಿ ಮೃದುಭಾಷಿ, ಹಿರಿಯರ ಮಾತು ಮೀರುವವಳಲ್ಲ, ಎಲ್ಲರೊಂದಿಗೂ ಹೊಂದಿಕೊಂಡು ಹೋಗುವ ಸ್ವಭಾವ. ಅಡುಗೆ ಬರುತ್ತದೆ.' ಎಲ್ಲ ಕಾಲೇಜಿಗೂ ಅದೇ ಹೋಗಿತ್ತು. ಗೌರಿ ಬೈಯಲಿಲ್ಲ. ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು. ಬಾಗಿಲಿನ ಹೊರಗೆ ನಿಂತು ನಾನು "ಅಡುಗೆ ಬರಲ್ಲ ಅಂತ ತಿದ್ದಿ ಕಳಿಸ್ಲೇನಮ್ಮ?" ಎಂದೆ. ಅಳು ಇನ್ನೂ ಜೋರಾಯಿತು. ವರಲಕ್ಷ್ಮಿ ನನ್ನನ್ನು ಅಲ್ಲಿಂದ ಎಳೆದುಕೊಂಡು ಹೋದಳು. ಮಗಳ ಬಾಳನ್ನು ನಾನೇ ಕೈಯಾರೆ ಲಾಂಗ್ ಟರ್ಮಿಗೆ ತಳ್ಳಿದೆನಲ್ಲ ಎಂದು ಅಂದು ರಾತ್ರಿ ಆ ಸಾಲನ್ನೇ ಮತ್ತೆ ಮತ್ತೆ ಓದಿದೆ.

ಮಾರನೆಯ ದಿನ ವಿಜಯವಾಡದ ಒಂದು ಮಹಿಳಾ ಕಾಲೇಜಿನಿಂದ ಫೋನ್ ಬಂತು. ಹೆಂಗಸಿನ ದನಿ, ಕೋಚ್ ಮೇಡಂ. ಹಲೋ ಅನ್ನುವ ಮೊದಲೇ ನಗುತ್ತಿದ್ದರು. "ಸಾರ್, ಇಷ್ಟು ವರ್ಷದಲ್ಲಿ ನನಗೆ ಬಂದ ಮೊದಲ ಮದುವೆ ಪ್ರಸ್ತಾಪ ಇದು. ಸ್ಟಾಫ್ ರೂಮಲ್ಲಿ ಎಲ್ಲರಿಗೂ ಓದಿ ಹೇಳಿದೆ." ನಾನು ಕ್ಷಮಿಸಿ ಎಂದೆ. "ಆದ್ರೆ ಒಂದು ಮಾತು. ಹೊಂದಿಕೊಂಡು ಹೋಗೋ ಗೋಲ್ ಕೀಪರ್ ನನಗೆ ಬೇಡ ಸಾರ್. ಅಂಥವರು ನನ್ನ ಹತ್ತಿರ ಇಬ್ಬರಿದ್ದಾರೆ, ಬರೋ ಗೋಲಿಗೆಲ್ಲ ಹೊಂದಿಕೊಂಡು ಹೋಗ್ತಾರೆ. ನಗ್ತಾ ನಗ್ತಾ ನಿಮ್ಮ ವಿಡಿಯೋನೂ ನೋಡಿಬಿಟ್ಟೆ. ಮರಳಲ್ಲಿ ಆ ಹುಡುಗಿ ಹಾರೋದು ನೋಡಿದ್ರೆ ಬಯೋಡೇಟಾ ಸುಳ್ಳು ಅನ್ನಿಸ್ತು. ಶನಿವಾರ ಕರ್ಕೊಂಡು ಬನ್ನಿ." ಬೇರೆಯವರ ಬಯೋಡೇಟಾಗಳಲ್ಲಿ ಪದಕಗಳ ಪಟ್ಟಿ ಇತ್ತು, ನನ್ನದರಲ್ಲಿ ಅಡುಗೆ ಇತ್ತು. ಮೇಡಂ ಓದಿದ್ದು ನನ್ನದನ್ನು. ಇದನ್ನು ನಾನು ಗೌರಿಗೆ ಒತ್ತಿ ಒತ್ತಿ ಹೇಳಿದೆ.

ಬೆಳಗಿನ ರೈಲಿಗೆ ಮೂವರೂ ಹೊರಟೆವು. ವಿಜಯವಾಡದ ಬಿಸಿಲು ಜನವರಿಯಲ್ಲೂ ಯಾರ ಮುಲಾಜೂ ನೋಡುವುದಿಲ್ಲ. ಮೈದಾನ ಕಲ್ಲುನೆಲ, ಭೀಮುನಿಪಟ್ಟಣದ ಮರಳಲ್ಲ. ಮೊದಲ ಚೆಂಡಿಗೇ ಗೌರಿ ಮರಳೆಂದುಕೊಂಡು ಹಾರಿ ಬಿದ್ದಳು, ಮೊಣಕೈಯ ಚರ್ಮ ಕಿತ್ತುಹೋಯಿತು. ಚೆಂಡು ಮಾತ್ರ ಎದೆಗೆ ಅವುಚಿಕೊಂಡೇ ಎದ್ದಳು. ಆಮೇಲೆ ಅವಳನ್ನು ಕಾಲೇಜಿನ ದೊಡ್ಡ ಹುಡುಗಿಯರ ನಡುವೆ ಆಟಕ್ಕೆ ಬಿಟ್ಟರು. ನಾನು ಗೋಲಿನ ಹಿಂದೆ ಹೋಗಿ ನಿಂತೆ. ಸುಮ್ಮನಿರುತ್ತೇನೆಂದು ಹೆಂಡತಿಗೆ ಮಾತು ಕೊಟ್ಟಿದ್ದೆ, ಆಟ ಶುರುವಾಗುವ ತನಕ ಉಳಿಸಿಕೊಂಡೆ. ಎದುರಾಳಿ ಹುಡುಗಿಯೊಬ್ಬಳು ಒಂಟಿಯಾಗಿ ಚೆಂಡು ತಂದಳು. "ಮುಂದೆ ಹೋಗ್ಬ್ಯಾಡ ಕಣೇ, ಒಳಗೇ ನಿಲ್ಲು!" ಎಂದು ಕೂಗಿದೆ. ಗೌರಿ ಬಾಣದ ಹಾಗೆ ಮುಂದೆ ಓಡಿ ಅವಳ ಕಾಲಿನಿಂದಲೇ ಚೆಂಡು ಕಿತ್ತುಕೊಂಡಳು. ಕಾರ್ನರ್ ಬಂತು. "ಹೋಗೇ, ಹಿಡಿಯೇ!" ಎಂದೆ. ಇವಳು ನಿಂತಲ್ಲೇ ನಿಂತಳು, ಚೆಂಡು ತಾನಾಗಿಯೇ ಹೊರಗೆ ಹೋಯಿತು. ಪೆನಾಲ್ಟಿಗೆ "ಎಡಕ್ಕೆ!" ಎಂದೆ. ಬಲಕ್ಕೆ ಹಾರಿ ತಡೆದಳು. ಅಷ್ಟು ಸಾಲದೆಂಬಂತೆ ತಿರುಗಿ ನನ್ನನ್ನು ನೋಡಿದಳು. ಉಳಿದ ಹೊತ್ತೆಲ್ಲ ತನಗಿಂತ ದೊಡ್ಡ, ಹೆಸರೂ ಗೊತ್ತಿಲ್ಲದ ಹುಡುಗಿಯರನ್ನು ತೆಲುಗಿನಲ್ಲಿ ಗದರಿಸುತ್ತಲೇ ಇದ್ದಳು. "ಅಕ್ಕಾ, ನೀನು ಅಲ್ಲಿ! ಅವಳನ್ನ ಬಿಡಬೇಡ! ನಿದ್ದೆ ಮಾಡ್ತಿದ್ದೀಯಾ?" ಆ ಕೂಗು ರಸ್ತೆಯ ಆಚೆಗೂ ಕೇಳುತ್ತಿತ್ತು.

ಆಟ ಮುಗಿದ ಮೇಲೆ ಮೇಡಂ ನನ್ನ ಹತ್ತಿರ ಬಂದರು. "ಸಾರ್, ಅಷ್ಟು ಹೊತ್ತು ಏನು ಕೂಗ್ತಿದ್ರಿ?" ಎಂದು ಕೇಳಿದರು. ನಾನು ತಡವರಿಸುವಷ್ಟರಲ್ಲಿ ವರಲಕ್ಷ್ಮಿ ಒಂದೂ ಬಿಡದೆ ಎಲ್ಲವನ್ನೂ ತೆಲುಗಿಗೆ ಅನುವಾದಿಸಿದಳು. ಮೇಡಂ ಸೊಂಟದ ಮೇಲೆ ಕೈಯಿಟ್ಟು ಕೇಳಿಸಿಕೊಂಡರು. "ಅಂದ್ರೆ ಒಂದು ಸಲಾನೂ ನಿಮ್ಮ ಮಾತು ಕೇಳಲಿಲ್ಲ ಅವಳು!" ಎಂದರು. "ಗೋಲ್ ಕೀಪರ್‌ಗೆ ಎರಡು ಬೇಕು ಸಾರ್. ಕೂಗಿ ಆಳೋ ಬಾಯಿ, ಹೊರಗಿನವರ ಮಾತು ಹಾಕಿಕೊಳ್ಳದ ಕಿವಿ. ಉಳಿದದ್ದು ನಾನು ಕಲಿಸ್ತೀನಿ, ಈ ಎರಡು ಕಲಿಸೋಕೆ ಬರಲ್ಲ. ಎಲ್ಲಿಂದ ಬಂತು ಇವಳಿಗೆ?"

"ಬಾಯಿ ಇವರದು ಮೇಡಂ" ಎಂದಳು ವರಲಕ್ಷ್ಮಿ ನನ್ನತ್ತ ಕೈ ತೋರಿಸಿ, "ಕಿವಿ ನನ್ನದು."

ಸೀಟು ಅಲ್ಲೇ ಆಯಿತು. ಇಂಟರ್ ಪಾಸು ಮಾಡಿಕೊಂಡು ಬಾ ಎಂದರು, ಮಾಡಿದಳು. ಅಂದು ಮೈದಾನದಲ್ಲಿ ಗೌರಿ ಓಡಿಬಂದು, ಮೊಣಕೈಯ ರಕ್ತವನ್ನೆಲ್ಲ ನನ್ನ ಬಿಳಿ ಅಂಗಿಗೆ ಒರೆಸಿ ಅಪ್ಪಿಕೊಂಡು "ಅಪ್ಪಾ" ಎಂದಳು. ಯಾವ ಕೆಲಸವೂ ಬಾಕಿಯಿಲ್ಲದೆ ಅವಳು ಅಪ್ಪಾ ಎಂದದ್ದು ಅದೇ ಮೊದಲು. ನಾನು ಅತ್ತೆ, ಮುಚ್ಚಿಡುವುದೇನು. ಹೊರಡುವಾಗ ಮೇಡಂ ನನ್ನನ್ನು ಪಕ್ಕಕ್ಕೆ ಕರೆದು, "ಪಂದ್ಯಕ್ಕೆ ಖಂಡಿತ ಬನ್ನಿ ಸಾರ್. ಆದ್ರೆ ಇವಳ ಹಿಂದೆ ನಿಲ್ಲಬೇಡಿ, ಎದುರು ತಂಡದ ಗೋಲಿನ ಹಿಂದೆ ನಿಂತ್ಕೊಳ್ಳಿ" ಎಂದರು. ತಮಾಷೆಗೆ ಹೇಳಿದರೋ ಏನೋ, ನಾನು ಆಜ್ಞೆಯೆಂದೇ ತೆಗೆದುಕೊಂಡೆ.

ಕಾಲೇಜು ಸೇರಿದ ವರ್ಷವೇ ಗೌರಿ ಅಂತರ ಕಾಲೇಜು ಫೈನಲ್‌ನಲ್ಲಿ ಗೋಲು ಕಾದಳು. ವಿಜಯವಾಡಕ್ಕೆ ಹೋಗಿ, ಹೇಳಿದ ಜಾಗದಲ್ಲೇ ನಿಂತೆ. ದೂರದಲ್ಲಿ ಕಡ್ಡಿಯಷ್ಟು ಕಾಣುತ್ತಿದ್ದ ನನ್ನ ಮಗಳು ಬಂದ ಚೆಂಡನ್ನೆಲ್ಲ ತಡೆಯುತ್ತಿದ್ದಳು. ಇತ್ತ ನನ್ನ ಮುಂದೆ ಇನ್ನೊಬ್ಬ ಹುಡುಗಿ ಗೋಲಿನಲ್ಲಿ ಒಂಟಿಯಾಗಿ ನಿಂತಿತ್ತು. ಯಾರದೋ ಮಗು, ಪಾಪ. ಕೊನೆಯ ಗಳಿಗೆಯಲ್ಲಿ ನಮ್ಮ ತಂಡದವಳು ಚೆಂಡು ತಂದಾಗ ಇದು ಗೆರೆಗೆ ಅಂಟಿಕೊಂಡೇ ನಿಂತದ್ದು ನೋಡಿ ನನಗೆ ತಡೆಯಲಾಗಲಿಲ್ಲ. ದೇವರಾಣೆಗೂ ಕಪಟವಿರಲಿಲ್ಲ, ಯಾವ ತಂಡ ಎನ್ನುವುದೇ ಮರೆತಿತ್ತು. "ಮುಂದುಕು ರಾ ತಲ್ಲೀ, ಮುಂದುಕು ರಾ!" ಎಂದು ತೆಲುಗಿನಲ್ಲೇ ಕೂಗಿದೆ. ಒಳ್ಳೆಯ ಮನೆತನದ ಹುಡುಗಿ, ಹಿರಿಯರ ಮಾತು ಮೀರಲಿಲ್ಲ. ಮುಂದೆ ಬಂತು. ಚೆಂಡು ಅದರ ತಲೆಯ ಮೇಲಿಂದ ಹೋಗಿ ಬಲೆಯಲ್ಲಿ ಬಿತ್ತು. ನಾವು ಒಂದು ಗೋಲಿನಿಂದ ಗೆದ್ದೆವು. ಗೌರಿಯನ್ನು ಹೆಗಲ ಮೇಲೆ ಹೊತ್ತು ಕುಣಿಯುತ್ತಿದ್ದವರನ್ನು ನೋಡುತ್ತಾ, ನನ್ನನ್ನೂ ಯಾರಾದರೂ ಹೊರಲು ಬರುತ್ತಾರೇನೋ ಎಂದು ಸ್ವಲ್ಪ ಹೊತ್ತು ಅಲ್ಲೇ ಕಾದೆ.