ಅರ್ಧ ಶೇಂಗಾ ಬೀಜದಷ್ಟು ಗಾಯ

ನಮ್ಮ ಕಾರಿನ ಮುಂದಿನ ಗಾಜಿಗೆ ಅರ್ಧ ಶೇಂಗಾ ಬೀಜದಷ್ಟು ಗಾಯವಾಯಿತು ಎಂದರೆ ನೀವು ನಗಬಹುದು. ನಗಿ. ನಮ್ಮ ವಂಶದಲ್ಲಿ ಮೊದಲ ಪದವಿ ನನ್ನದು, ಮೊದಲ ಕಾರೂ ನನ್ನದೇ (ಸೆಕೆಂಡ್ ಹ್ಯಾಂಡ್ ಆದರೇನು, ನಮಗೆ ಅದೇ ಮೊದಲನೆಯದು). ಚಳ್ಳಕೆರೆಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವನು ನಾನು. ಗಾಯ ಕಂಡೊಡನೆ ತನಿಖೆ ಆರಂಭಿಸಿದೆ.

ಕಂಡದ್ದು ಸೋಮವಾರ. ಭಾನುವಾರ ನನ್ನ ಹೆಂಡತಿ ಕಾಂಚನಾ, ಹೊಸದಾಗಿ ಲೈಸೆನ್ಸ್ ಪಡೆದವಳು, ಮೊದಲ ಸಲ ತಾನೇ ಕಾರು ಓಡಿಸಿಕೊಂಡು ಮೊಳಕಾಲ್ಮೂರಿನ ಆಚೆ ದೇವಸಮುದ್ರದ ತವರಿಗೆ ಹೋಗಿಬಂದಿದ್ದಳು. ಶನಿವಾರ ಅಮಾವಾಸ್ಯೆ, ಅವಳ ಪ್ರಯಾಣ ಸುಖಕರವಾಗಲೆಂದು ಮನೆಯ ಮುಂದೆ ನಾನೇ ಕಾರಿಗೆ ಈಡುಗಾಯಿ ಒಡೆದಿದ್ದೆ. ಹೀಗಿರುವಾಗ ತಪ್ಪು ಯಾರದೆಂದು ಬೇರೆ ಹೇಳಬೇಕೆ?

"ಜಲ್ಲಿ ಲಾರಿ ಹಿಂದೇನೇ ಹೋಗಿದೀಯ ನೀನು," ಅಂದೆ.

"ದಾರಿ ಉದ್ದಕ್ಕೂ ಸಿಕ್ಕಿದ್ದು ಬರೀ ಕುರಿ ರೀ. ಕುರಿ ಗಾಜಿಗೆ ಕಲ್ಲು ಹೊಡೀತಾವಾ?"

"ಲಾರಿ ಇದ್ದೇ ಇರುತ್ತೆ. ನೀನು ನೋಡಿಲ್ಲ. ಅದೇ ಸಮಸ್ಯೆ."

ಹೀಗೆ ಲಾರಿಯೂ ಸಾಬೀತಾಯಿತು, ಅವಳು ರಸ್ತೆ ನೋಡುವುದಿಲ್ಲ ಎಂಬುದೂ ಸಾಬೀತಾಯಿತು. ಗಾಜು ಸರಿಯಾಗುವವರೆಗೆ ಕಾರಿನ ಕೀ ನನ್ನ ಜೇಬಿನಲ್ಲೇ ಎಂದು ಘನ ಆದೇಶ ಹೊರಡಿಸಿದೆ.

"ಹಂಗಾರೆ ಇವತ್ತೇ ಸರಿ ಮಾಡಿಸ್ರಿ. ಬರೋ ಭಾನುವಾರ ತಂಗಿ ಸೀಮಂತ ಐತೆ. ನಾನೇ ಓಡಿಸ್ಕೊಂಡು ಬರ್ತೀನಿ ಅಂತ ಊರಿಗೆಲ್ಲಾ ಹೇಳಿದೀನಿ."

ಅಲ್ಲಿಂದ ನನ್ನ ಗಹನ ಅಧ್ಯಯನ ಶುರುವಾಯಿತು. ರಿಪೇರಿ ಮಾಡಿಸಿದರೆ ಕಲೆ ಉಳಿಯುತ್ತದೆಯೇ? ಹಾಗೇ ಬಿಟ್ಟರೆ ಬಿರುಕು ಹರಡುತ್ತದೆಯೇ? (ಪ್ರಶ್ನೆ ಎಷ್ಟು ದಿನ ಬಾಳುತ್ತದೋ ಕೀಯೂ ಅಷ್ಟು ದಿನ ನನ್ನ ಬಳಿ. ಇದು ನನಗೆ ಹೊಳೆದೇ ಇರಲಿಲ್ಲ ಎಂದರೆ ನೀವು ನಂಬುವುದಿಲ್ಲ, ಬಿಡಿ.) ಗಾಯಕ್ಕೆ ಟೇಪ್ ಅಂಟಿಸಿ, ಬೆಳಿಗ್ಗೆ ಸಂಜೆ ಭೂತಗನ್ನಡಿ ಹಿಡಿದು ದರ್ಶನ ಮಾಡಿದೆ.

ನನ್ನಿವಾಳದಿಂದ ಬಂದಿದ್ದ ನಮ್ಮವ್ವ ನಿಂಗಕ್ಕ ನೋಡಿ, "ದೃಷ್ಟಿ ಬೊಟ್ಟು ಇಟ್ಟಂಗೈತೆ. ಇರ್ಲಿ ಬಿಡಪ್ಪ," ಅಂದಳು.

ನಾನು ತಕ್ಷಣ ಅವ್ವನ ಪಕ್ಷ ಸೇರಿದೆ. ವಿಜ್ಞಾನದ ಮೇಷ್ಟ್ರು ದೃಷ್ಟಿ ಬೊಟ್ಟಿನ ಪರ ವಾದಿಸುವುದನ್ನು ಕಾಂಚನಾ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಮೆಕ್ಯಾನಿಕ್ ಜಿಲಾನ್ ಬಾಷಾಗೆ ಫೋನ್ ಮಾಡಿದಳು.

ಶನಿವಾರ ಬಾಷಾ ಸ್ಕೂಟರಿನಲ್ಲಿ ಡಬ್ಬಿ ಇಟ್ಟುಕೊಂಡು ಮನೆಗೇ ಬಂದ. ಗಾಯಕ್ಕೆ ಅಂಟು ತುಂಬಿ, ನೀಲಿ ದೀಪ ಹಿಡಿದು ಒಣಗಿಸಿದ. "ಬಸ್, ಆಯ್ತು ಮೇಷ್ಟ್ರೇ. ಇನ್ನು ಹರಡಲ್ಲ." ಚುಕ್ಕೆ ಹುಡುಕಿದರಷ್ಟೇ ಕಾಣುತ್ತಿತ್ತು. ಕಾಂಚನಾ ನನ್ನ ಮುಂದೆ ಅಂಗೈ ಚಾಚಿದಳು.

"ತಾಳು," ಅಂದೆ. "ಈಡುಗಾಯಿ ಒಡೀದೆ ಕೀ ಕೊಡೋದು ಹೆಂಗೆ?"

"ಮೆಲ್ಲಗೆ ಒಡಿಯಪ್ಪ," ಅಂದಳು ಅವ್ವ. "ಚರಂಡಿ ಕೆಲಸದೋರು ಜಲ್ಲಿ ಇಲ್ಲೇ ಬಿಟ್ಟು ಹೋಗಿ ತಿಂಗಳಾತು, ಇನ್ನೂ ಎತ್ತಿಲ್ಲ."

ಕೀ ಕೈತಪ್ಪುವ ಸಂಕಟವನ್ನೆಲ್ಲ ತೋಳಿಗೆ ತುಂಬಿಕೊಂಡು ಕಾಯಿಯನ್ನು ನೆಲಕ್ಕೆ ಅಪ್ಪಳಿಸಿದೆ. ಕಾಯಿ ಭರ್ಜರಿಯಾಗಿ ಒಡೆಯಿತು. ಅದರ ಬೆನ್ನಿಗೇ 'ಟಿಕ್' ಎಂದು ಇನ್ನೊಂದು ಶಬ್ದ.

ಎಲ್ಲರೂ ಗಾಜಿನ ಕಡೆ ತಿರುಗಿದೆವು. ಹಳೆಯ ಚುಕ್ಕೆಯ ಪಕ್ಕದಲ್ಲೇ, ಅರ್ಧ ಶೇಂಗಾ ಬೀಜದಷ್ಟು, ಅದರ ಅವಳಿ ತಮ್ಮನಂತೆ ಇನ್ನೊಂದು! ವೈಪರ್ ಸಂದಿಯಲ್ಲಿ ಒಂದು ಜಲ್ಲಿ ಚೂರು ಏನೂ ಅರಿಯದಂತೆ ಕೂತಿತ್ತು.

ಕಾಂಚನಾ ಅದನ್ನೆತ್ತಿ ನನ್ನ ಅಂಗೈಗೆ ಇಟ್ಟಳು. ನನ್ನ ಜೇಬಿನಿಂದ ಕೀ ತೆಗೆದುಕೊಂಡಳು.

"ಹೋದ ಅಮಾಸೆಗೂ ಇಲ್ಲೇ ಅಲ್ವಾ ನೀವು ಕಾಯಿ ಒಡೆದಿದ್ದು? ಈ ಜಲ್ಲಿ ಯಾವ ಲಾರೀದು ರೀ?"

ಅವ್ವ ಸೆರಗು ಬಾಯಿಗೆ ಅಡ್ಡ ಹಿಡಿದಳು. ಬಾಷಾ ಕಟ್ಟಿದ್ದ ಡಬ್ಬಿ ಮತ್ತೆ ಬಿಚ್ಚಿದ. "ಅಂಟು ಇನ್ನೂ ಐತೆ ಅಕ್ಕಾ. ಮೇಷ್ಟ್ರ ಕೈಗೆ ಇನ್ನೊಂದು ಕಾಯಿ ಕೊಡಬ್ಯಾಡ್ರಿ, ಸಾಕು."

ಭಾನುವಾರ ಸೀಮಂತಕ್ಕೆ ಹೊರಟೆವು. ಸ್ಟೀರಿಂಗ್ ಹಿಡಿದವಳು ಕಾಂಚನಾ. ಪಕ್ಕದ ಸೀಟಿನಲ್ಲಿ ನಾನು, ಕಣ್ಣೆದುರಿಗೇ ನನ್ನ ಎರಡೂ ಸಾಧನೆಗಳು. ಮೊಳಕಾಲ್ಮೂರು ದಾಟಿದ ಮೇಲೆ ಮುಂದೆ ನಿಜವಾಗಿಯೂ ಒಂದು ಜಲ್ಲಿ ಲಾರಿ! ಬಹಳ ದಿನದಿಂದ ಕಾಯುತ್ತಿದ್ದ ನೆಂಟನನ್ನು ಕಂಡಂತೆ ಕೂಗಿದೆ: "ನೋಡು, ಲಾರಿ! ಲಾರಿ!"

ಅವಳು ಆಗಲೇ ವೇಗ ತಗ್ಗಿಸಿ, ದೂರ ಬಿಟ್ಟು, ಹದವಾಗಿ ಓಡಿಸುತ್ತಿದ್ದಳು.

"ಕಂಡೈತೆ ರೀ," ಅಂದಳು. "ಹೆದರ್ಬ್ಯಾಡ್ರಿ. ಅದ್ರಾಗೆ ತೆಂಗಿನಕಾಯಿ ಇಲ್ಲ."