ಮಲಾವಿಯ ಕ್ಯಾಂಪಿನಲ್ಲಿ ಡಾಕ್ಟರಲ್ಲದ ನಾನೊಬ್ಬ

ಡಾಕ್ಟರ್ ಹೆಂಡತಿ, ಡಾಕ್ಟರ್ ಮಗಳ ಜೊತೆ ಬಾಳುವವನಿಗೆ ಇಂಥವು ಆಗುತ್ತಲೇ ಇರುತ್ತವೆ. ದೇಶ ಬಿಟ್ಟು ಹೋದರೂ ತಪ್ಪುವುದಿಲ್ಲ. ಹೆಂಡತಿ ಕಣ್ಣಿನ ಡಾಕ್ಟರು, ಮಗಳು ಹಲ್ಲಿನ ಡಾಕ್ಟರು. ನಾನು ವಿಮಾನಪುರದ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ಕೆಲಸ ಮಾಡಿ ರಿಟೈರ್ ಆದವನು. ಹಲಸೂರಿನ ನಮ್ಮ ಮನೆಯಲ್ಲಿ ಮೂವರೂ ಒಟ್ಟಿಗೆ ಊಟಕ್ಕೆ ಕೂತು ಎಷ್ಟು ಕಾಲವಾಯಿತೋ. ಆಫ್ರಿಕಾದ ಮಲಾವಿಯ ಹಳ್ಳಿಯೊಂದಕ್ಕೆ ಎರಡು ವಾರದ ಉಚಿತ ಕ್ಯಾಂಪಿಗೆಂದು ಅವರಿಬ್ಬರೂ ಹೊರಟಾಗ ನಾನೂ ಗಂಟು ಬಿದ್ದೆ. ಕೇಳಿದವರಿಗೆಲ್ಲ ಸೇವೆ ಅಂದೆ. ನಿಜ ಹೇಳಬೇಕೆಂದರೆ, ಅಲ್ಲಾದರೂ ಇವರು ನನ್ನ ಜೊತೆ ನಾಲ್ಕು ಮಾತಾಡಿಯಾರು ಅನ್ನುವ ಆಸೆ.

೧. ಕೆಂಪು ಚೀಟಿ

ಮೊದಲ ದಿನ ಕೈಗೆ ಬಣ್ಣದ ಚೀಟಿಗಳ ಕಟ್ಟು ಬಂತು. "ಅರ್ಜೆಂಟ್ ಇರೋರಿಗೆ ಕೆಂಪು ಚೀಟಿ ಕಟ್ಟಿ, ಯಾರಿಗೆ ಅಂತ ನರ್ಸ್ ಹೇಳ್ತಾರೆ. ಅಷ್ಟೇ ರೀ ನಿಮ್ಮ ಕೆಲಸ," ಎಂದಳು ಹೆಂಡತಿ. ಕಾರ್ಖಾನೆಯಲ್ಲಿ ಕೆಂಪು ಚೀಟಿ ಅಂದರೆ ರಿಜೆಕ್ಟು. ಅಂಥ ಮಾಲನ್ನು ಪಕ್ಕಕ್ಕಿಡಬೇಕು, ಒಳಗೆ ಬಿಡಕೂಡದು. ಮೂವತ್ತೈದು ವರ್ಷ ಪಳಗಿದ ಕೈ ತನ್ನ ಪಾಡಿಗೆ ತಾನು ನಡೆಯಿತು. ಸ್ವಲ್ಪ ಹೊತ್ತಿಗೆ ಹೆಂಡತಿ ಹೊರಗೆ ಬಂದು ನೋಡಿದರೆ, ಕೆಂಪು ಚೀಟಿಯ ಹನ್ನೊಂದು ಮಂದಿ ಮಾವಿನ ಮರದಡಿ ಸಾಲಾಗಿ ಕೂತಿದ್ದಾರೆ.

"ಇವ್ರನ್ನ ಯಾಕ್ರೀ ಒಳಗೆ ಬಿಟ್ಟಿಲ್ಲ?"

"ಸ್ಟೋರ್ಸ್‌ನೋರು ಬಂದು ತಗೊಂಡೋಗ್ತಾರೆ," ಎಂದುಬಿಟ್ಟೆ.

೨. ಹಲ್ಲಿಲ್ಲದ ಮುದುಕ

ಆ ಕೆಲಸ ಹೋದ ಮೇಲೆ ನನಗೆ ಉಳಿದದ್ದು ಊಟ. ಅವರಿಬ್ಬರೂ ರೋಗಿಗಳ ಮಧ್ಯೆಯೇ ಬಾಳೆಹಣ್ಣು ತಿಂದು ಮುಗಿಸುತ್ತಿದ್ದರು. ಅಡುಗೆಮನೆಯ ಬೆಂಚಿನಲ್ಲಿ ನಾನೊಬ್ಬನೇ. ಅಲ್ಲಿ ಮೆಕ್ಕೆಜೋಳದ ಹಿಟ್ಟಿನಲ್ಲಿ ನಮ್ಮ ಮುದ್ದೆಯಂಥದ್ದೇ ಮಾಡುತ್ತಾರೆ, ಬಣ್ಣ ಮಾತ್ರ ಬಿಳಿ. ಮುದ್ದೆಯನ್ನು ಯಾರಾದರೂ ಅಗಿಯುತ್ತಾರೆಯೇ? ನುಂಗಿದೆ. ಮೂರು ದಿನ ಸುಮ್ಮನೆ ನೋಡಿದ ಅಡುಗೆಯಾಕೆ ನಾಲ್ಕನೆಯ ದಿನ ನನ್ನ ರಟ್ಟೆ ಹಿಡಿದು ಮಗಳ ಮುಂದೆ ಕೂರಿಸಿದಳು. ಈ ಮುದುಕನಿಗೆ ಹಲ್ಲೇ ಇಲ್ಲ, ಪಾಪ, ನುಂಗಿ ಬದುಕುತ್ತಿದ್ದಾನೆ ಎಂದು ಕ್ಯಾಂಪಿನ ದುಭಾಷಿಯಿಂದ ಹೇಳಿಸಿದಳು.

ಅಂತೂ ಮಗಳ ಎದುರು ಕೂತೆನಲ್ಲ ಎಂದು ಸಂತೋಷವಾಯಿತು. ಮಾತು ಶುರುಮಾಡಬೇಕು, ಅಷ್ಟರಲ್ಲಿ, "ಅಪ್ಪ, ಬಾಯಿ ತೆಗಿ," ಎಂದಳು. ಕನ್ನಡಿ, ಕಡ್ಡಿ ಎಲ್ಲ ಬಾಯೊಳಗೆ ಹೋದ ಮೇಲೆ, "ಈಗ ಹೇಳು, ಏನ್ ಸಮಾಚಾರ?" ಎಂದು ಕೇಳಿದಳು.

೩. ಟೋಕನ್ ನಲವತ್ತಮೂರು

ಹತ್ತನೆಯ ದಿನ ತಡೆಯಲಾಗಲಿಲ್ಲ. ಕಣ್ಣಿನ ಸಾಲಿನಲ್ಲಿ ನಿಂತು ಟೋಕನ್ ತಗೊಂಡೆ. ಎರಡು ಗಂಟೆ ಕಾದ ಮೇಲೆ ಬದಿ ತೆರೆದ ಶಾಮಿಯಾನದೊಳಗೆ ನನ್ನ ಸರದಿ. ಹೆಂಡತಿ ತಲೆಯೆತ್ತದೆ ಇಂಗ್ಲಿಷಿನಲ್ಲಿ ಏನು ತೊಂದರೆ ಎಂದಳು. ದುಭಾಷಿ ಅದನ್ನೇ ಅಭ್ಯಾಸಬಲದಿಂದ ಅಲ್ಲಿಯವರ ಭಾಷೆಯಲ್ಲಿ ನನಗೆ ಹೇಳಿದ.

"ಕಣ್ಣಿಗೇನೂ ಆಗಿಲ್ಲ ಕಣೆ. ಒಬ್ನೇ ಇದ್ದು ಇದ್ದು ಸಾಕಾಗಿದೆ," ಎಂದೆ.

ಟಾರ್ಚ್ ಆರಿಸಿದಳು. ಕುರ್ಚಿ ಹತ್ತಿರ ಎಳೆದುಕೊಂಡು ನನ್ನ ಕೈ ಹಿಡಿದಳು.

"ಮನೇಲೂ ಹಿಂಗೇ ಅನ್ಸ್ತಿತ್ತಾ?"

"ಹ್ಞೂಂ."

ಅವಳ ಕಣ್ಣು ತುಂಬಿತು. ನನ್ನ ಕೈ ಬಿಡದೆ, ಇನ್ನೊಂದು ಕೈಯಿಂದ ಕಣ್ಣೊರೆಸಿಕೊಂಡಳು.

ಹೊರಗೆ ಬಂದರೆ ಇಡೀ ಸಾಲು ಎದ್ದು ನಿಂತಿದೆ. ನನ್ನ ಹಿಂದಿದ್ದ ಅಜ್ಜಿ ದುಭಾಷಿಯ ಮೂಲಕ ಕೇಳಿದಳು: "ಡಾಕ್ಟರಮ್ಮನೇ ಅತ್ತುಬಿಟ್ರಲ್ಲ, ಇನ್ನೆಷ್ಟು ದಿನ ಅಂತೆ?"

ಉತ್ತರ ಕೊಡುವಷ್ಟರಲ್ಲಿ ಎಲ್ಲರೂ ನನ್ನ ಸುತ್ತ ಸೇರಿ, ಕಣ್ಣು ಮುಚ್ಚಿ ಪ್ರಾರ್ಥನೆ ಶುರುಮಾಡಿದರು. ಅಷ್ಟು ಜನ ಒಟ್ಟಿಗೆ ನನ್ನ ಬಗ್ಗೆ ಯೋಚಿಸಿದ್ದು ಅದೇ ಮೊದಲು. ನನಗೇನೂ ಆಗಿಲ್ಲ ಎನ್ನಲು ಮನಸ್ಸು ಬರಲಿಲ್ಲ. ತಲೆ ತಗ್ಗಿಸಿ ನಿಂತಿದ್ದು, ಕೊನೆಯಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಆಮೆನ್ ಎಂದೆ.