ಒಮ್ಮೆ ಬೇಡ ಅಂದಿದ್ದಕ್ಕೆ

ಹೆಂಡತಿ: ನಿಮ್ಮ ಪ್ರೋಗ್ರಾಂ ನನ್ನ ಫೋಟೋಗಳನ್ನ ಒಳಗೆ ಬಿಡ್ತಿಲ್ಲ ಅಂದ್ರೆ ಬಿಡ್ತಿಲ್ಲ.

ಗಂಡ: ನಾನು ಹಾಕಿದ್ರೆ ಹೋಗುತ್ತಲ್ಲೇ. ನೋಡು, ಈಗ ತಾನೆ ಒಂದು ಹಾಕ್ದೆ.

ಹೆಂಡತಿ: ಆ ಫೋಲ್ಡರು ಯಾರದ್ದು?

ಗಂಡ: ನಂದೇ.

ಹೆಂಡತಿ: ಮನೆ ಯಜಮಾನನ್ನ ಮನೆಯೊಳಗೆ ಬಿಟ್ರು ಅಂತ ಸಂಭ್ರಮ ಬೇರೆ. ಫೋಟೋ ಹೊತ್ಕೊಂಡು ಹೋಗೋದು ನೀವಲ್ಲ, ವೆಬ್‌ಸೈಟ್ ನಡೆಸೋ ಸರ್ವರ್ರು. ಅದನ್ನ ಬಿಡ್ತಾರಾ ನೋಡಿ.

ಫೋಟೋ ಸ್ಟುಡಿಯೋ ಅವಳದು, ಅದರ ವೆಬ್‌ಸೈಟ್ ಬರೆದ ಕೀರ್ತಿ ಅವನದು. ಮದುವೆಯ ಫೋಟೋಗಳು ಮಧ್ಯಾಹ್ನದೊಳಗೆ ವೆಬ್‌ಸೈಟಿಗೆ ಏರದಿದ್ದರೆ ಮುಂದೆ ತಮ್ಮ ಮಗನ ಮದುವೆಗೆ ಬೇರೆ ಸ್ಟುಡಿಯೋ ನೋಡಿಕೊಳ್ಳುವುದಾಗಿ ಮದುಮಗಳ ತಾಯಿ ಬೆಳಿಗ್ಗೆಯೇ ತಿಳಿಸಿದ್ದರು. ಗಿರಾಕಿಗಳು ಕೂರುವ ಸ್ಟೂಲಿನ ಮೇಲೆ ಗಂಡ ಲ್ಯಾಪ್‌ಟಾಪನ್ನು ತೊಡೆಗೇರಿಸಿಕೊಂಡು, ಪಾಸ್‌ಪೋರ್ಟ್ ಫೋಟೋಗೆ ಬಂದವನ ಹಾಗೆ ಬಿಗಿಯಾಗಿ ಕೂತಿದ್ದ. ‘ಬರೆಯಲು ಅನುಮತಿ ಇಲ್ಲ’ ಎಂಬ ಸಾಲು ಅವನ ಮುಂದೆ ಮತ್ತೆ ಮತ್ತೆ ಮೂಡುತ್ತಿತ್ತು.

ಗಂಡ: ಸರಿ, ಸರ್ವರ್ರಿಗೂ ಅನುಮತಿ ಕೊಟ್ಟೆ.

ಹೆಂಡತಿ: ಈಗ?

ಗಂಡ: ಇಲ್ಲ ಅಂತಿದೆ.

ಹೆಂಡತಿ: ಕೋಣೆ ತೆಗೆದು ಹೊರಬಾಗಿಲಿಗೆ ಬೀಗ ಹಾಕಿಲ್ಲ ತಾನೆ?

ಗಂಡ: ಹೊರಗಿನ ಫೋಲ್ಡರ್ರೂ ತೆಗೆದೆ. ಆದ್ರೂ ಇಲ್ಲ ಅಂತಿದೆ. ತಡಿ, ಎಲ್ಲರಿಗೂ ಎಲ್ಲಾ ಅನುಮತಿ ಕೊಟ್ಬಿಡ್ತೀನಿ.

ಹೆಂಡತಿ: ನೆಗಡಿ ಬಂತು ಅಂತ ಮೂಗು ಕೊಯ್ಕೊಳ್ತಾರಾ? ದಾರೀಲಿ ಹೋಗೋರೆಲ್ಲ ಬಂದು ಮದುಮಗಳಿಗೆ ಮೀಸೆ ಬರೆದು ಹೋಗ್ಲಾ?

ಫೋನು ರಿಂಗಾಯಿತು. ಯಾರೆಂದು ಕೇಳುವ ಅಗತ್ಯವಿರಲಿಲ್ಲ.

ಹೆಂಡತಿ (ಫೋನಿಗೆ, ಸಕ್ಕರೆಯ ದನಿಯಲ್ಲಿ): ಏರ್ತಾ ಇದೆ ಅಮ್ಮಾ, ಬಾಗಿಲ ಹತ್ರಾನೇ ಇದೆ. (ಫೋನಿಟ್ಟು, ತನ್ನ ಸ್ವಂತ ದನಿಯಲ್ಲಿ) ನಿಜ ಹೇಳಿ. ಅನುಮತಿ ಇದೆಯಾ ಅಂತ ನಿಮ್ಮ ಪ್ರೋಗ್ರಾಂ ಯಾವಾಗ ಕೇಳುತ್ತೆ?

ಗಂಡ: ಬೆಳಿಗ್ಗೆ ಶುರುವಾದಾಗ.

ಹೆಂಡತಿ: ಆಮೇಲೆ?

ಗಂಡ: ಆಮೇಲೆ ಯಾಕೆ ಕೇಳ್ಬೇಕು? ಆಗ ಸಿಕ್ಕಿದ ಉತ್ತರಾನೇ ನೆನಪಿಟ್ಕೊಂಡಿರುತ್ತೆ. ಪ್ರತಿ ಸಲ ಕೇಳೋದು ದಂಡ ಅಂತ ನಾನೇ ಹಾಗೆ ಬರೆದಿದ್ದು. ಅಯ್ಯೋ.

ಅವನು ಪ್ರೋಗ್ರಾಂ ನಿಲ್ಲಿಸಿ ಮತ್ತೆ ಶುರು ಮಾಡಿದ. ಅದು ಹೊಸದಾಗಿ ಕೇಳಿತು, ಅನುಮತಿ ಸಿಕ್ಕಿತು. ಫೋಟೋಗಳು ಒಂದರ ಹಿಂದೊಂದು ಏರಿದವು. ಮದುಮಗಳ ತಾಯಿಯಿಂದ ‘ಚೆನ್ನಾಗಿದೆ, ಮಗನ ಮದುವೆಗೂ ನೀವೇ ಬನ್ನಿ’ ಎಂಬ ಸಂದೇಶವೂ ಬಂತು.

ಹೆಂಡತಿ: ಅಂದ್ರೆ ಬಾಗಿಲು ಆಗಲೇ ತೆಗೆದಿತ್ತು. ಇದು ಬೆಳಿಗ್ಗೆ ಬೇಡ ಅಂದಿದ್ದನ್ನೇ ಹಿಡ್ಕೊಂಡು ಹೊರಗೇ ಕೂತಿತ್ತು.

ಗಂಡ: ಪಾಪ, ಅದೇನು ಮಾಡುತ್ತೆ. ಬರೆದವನ ಬುದ್ಧಿ ಅದಕ್ಕೂ ಬಂದಿದೆ.

ಹೆಂಡತಿ: ನಾನೂ ಅದನ್ನೇ ಅಂದ್ಕೊಂಡೆ. ಮದುವೆಯಾದ ಹೊಸದ್ರಲ್ಲಿ ಅಡುಗೆಮನೆಗೆ ಬಂದು ‘ಪಾತ್ರೆ ತೊಳೀಲಾ’ ಅಂದ್ರಿ. ನಾನು ನಾಚಿಕೊಂಡು ‘ಬೇಡ ಬಿಡಿ’ ಅಂದೆ.

ಗಂಡ: ಹೌದು, ನೀನೇ ಬೇಡ ಅಂದೆ. ಚೆನ್ನಾಗಿ ನೆನಪಿದೆ.

ಹೆಂಡತಿ: ನೆನಪಿರುತ್ತೆ. ಮಗಳು ಕಾಲೇಜಿಗೆ ಬಂದ್ಳು, ಇನ್ನೊಂದ್ಸಲ ಕೇಳಿಲ್ಲ.

ಗಂಡ ಲ್ಯಾಪ್‌ಟಾಪ್ ಮುಚ್ಚಿ ಸ್ಟೂಲಿನಿಂದ ಇಳಿದ. ಮನೆ ಮಹಡಿಯ ಮೇಲೆಯೇ ಇತ್ತು; ಮೆಟ್ಟಿಲ ಬಳಿ ನಿಂತು ಅಂಗಿಯ ತೋಳು ಮಡಚಿದ.

ಗಂಡ: ಈಗ ಅನುಮತಿ ಇದೆಯಾ?

ಹೆಂಡತಿ: ಎಲ್ಲರಿಗೂ ಇಲ್ಲ. ನಿಮಗೊಬ್ಬರಿಗೇ.